ಪುಣೆಯ ಹಳೇ ಕಾನ್ವೆಂಟ್ ಶಾಲೆ ಶುರುವಾಗಿದ್ದು ಹೇಗೆ?

ನಮ್ಮ ಹುಬ್ಬಳ್ಳಿ ಕಡೆ ಇಂಗ್ಲಿಷ್ ಮೀಡಿಯಂ ಶಾಲೆಗೆಲ್ಲ ಸುಮ್ನೆ ಕಾನ್ವೆಂಟು ಅಂದುಬಿಡ್ತೀವಿ. ಅಸಲಿಗೆ ಕಾನ್ವೆಂಟ್ ಅಂದ್ರೆ ಕ್ರೈಸ್ತ ಸನ್ಯಾಸಿನಿಯರ ಮಠ. ಅವರು ನಡೆಸುವ ಶಾಲೆಗೂ ಅದೇ ಹೆಸರು ಬಂತು. ಪುಣೆ ಕ್ಯಾಂಪಿನ, ಅಂದ್ರೆ ದಂಡು ಪ್ರದೇಶದ, ಜೀಸಸ್ ಅಂಡ್ ಮೇರಿ ಕಾನ್ವೆಂಟ್ ಅಂಥದ್ದು, 1860ರದ್ದು.

ಇದರ ಬೇರು ಫ್ರಾನ್ಸಿನ ಲಿಯಾನ್ ಊರಲ್ಲಿದೆ. ಅಲ್ಲಿನ ಕ್ರಾಂತಿಯಲ್ಲಿ ಇಬ್ಬರು ಸೋದರರನ್ನು ಕಳೆದುಕೊಂಡ ಕ್ಲೋದೀನ್ ತೆವನೆ 1818ರಲ್ಲಿ ಈ ಶಾಲೆ ಶುರುಮಾಡಿದ ಸನ್ಯಾಸಿನಿಯರ ಸಂಘ ಕಟ್ಟಿದರು. ರೇಷ್ಮೆ ಕೆಲಸದ ಊರು ನೋಡಿ, ಬಡ ಹುಡುಗಿಯರಿಗೆ ಓದಿನ ಜೊತೆ ಅದನ್ನೂ ಕಲಿಸಿದರು. 1842ರಲ್ಲಿ ಸಿಸ್ಟರ್‌ಗಳು ಆಗ್ರಾಕ್ಕೆ ಬಂದರು. ಆಮೇಲೆ ಮುಂಬೈ, ಪುಣೆ.

ಪುಣೆಯೇ ಯಾಕೆ? ಇಲ್ಲಿ ಬ್ರಿಟಿಷರ ದೊಡ್ಡ ದಂಡು ಇತ್ತಲ್ವಾ, ಇಂಗ್ಲಿಷ್ ಶಾಲೆ ಬೇಕಾದ ಮನೆಗಳೂ ಜಾಸ್ತಿ. ಆದರೆ ಬರೋದು ಸುಲಭ ಇರಲಿಲ್ಲ. ಮುಂಬೈ-ಪುಣೆ ನಡುವಿನ ಘಟ್ಟ ಭೋರ್ ಘಾಟ್‌ನ ರೈಲು ದಾರಿ ಪೂರ್ತಿಯಾಗಿದ್ದೇ 1863ರಲ್ಲಿ. ಅಲ್ಲಿಯವರೆಗೆ ಮುಂಬೈಯಿಂದ ಬಂದವರು ಘಟ್ಟದ ಕೆಳಗೆ ರೈಲು ಇಳಿದು, ಪಲ್ಲಕ್ಕಿಯಲ್ಲೋ ಗಾಡಿಯಲ್ಲೋ ಖಂಡಾಲಾಕ್ಕೆ ಹತ್ತಿ, ಮತ್ತೆ ರೈಲು ಹಿಡಿಯಬೇಕಿತ್ತು.

ದಂಡಿನ ಬಿಳಿಯರು ಹೋದರು, ಶಾಲೆ ಉಳಿಯಿತು. ಈಗ ಕ್ಯಾಂಪಿನ ಕಾನ್ವೆಂಟುಗಳಲ್ಲಿ ಮನೇಲಿ ಕನ್ನಡ, ಬಸ್ಸಲ್ಲಿ ಮರಾಠಿ, ಕ್ಲಾಸಲ್ಲಿ ಇಂಗ್ಲಿಷ್ ಮಾತಾಡೋ ನಮ್ಮ ಹುಡುಗಿಯರೂ ಸಿಗುತ್ತಾರೆ.