ಬಾಗಿಲು ತೆಗೆದರೆ ಬಾಲ ಆಡಿಸುತ್ತೆ

ನಾನು ಆಪ್ತಸಲಹೆಗಾರ್ತಿ. ಮುದಿ ನಾಯಿಯ ವಿಷಯ ಹೇಳಿಕೊಳ್ಳಲೆಂದು ನನ್ನ ಹತ್ತಿರ ಯಾರೂ ಬರುವುದಿಲ್ಲ. ನಿದ್ದೆ ಇಲ್ಲ ಎಂದು ಬರುತ್ತಾರೆ, ಎದೆ ಹೊಡೆದುಕೊಳ್ಳುತ್ತದೆ ಎಂದು ಬರುತ್ತಾರೆ, ಗಂಡನ ಹತ್ತಿರ ಮಾತು ಬಿಟ್ಟು ತಿಂಗಳಾಯಿತು ಎಂದು ಬರುತ್ತಾರೆ. ಎರಡನೆಯದೋ ಮೂರನೆಯದೋ ಭೇಟಿಯಲ್ಲಿ, ಚೀಲ ಹೆಗಲಿಗೇರಿಸಿ ಎದ್ದು ನಿಂತ ಮೇಲೆ, "ಮನೇಲೊಂದು ನಾಯಿ ಇದೆ ಮೇಡಂ, ಅದರದ್ದೊಂದು..." ಎಂದು ಅರ್ಧಕ್ಕೇ ನಿಲ್ಲಿಸುತ್ತಾರೆ. ಇಂಥವರನ್ನು ಈಚೆಗೆ ಮತ್ತೆ ಮತ್ತೆ ನೋಡುತ್ತಿದ್ದೇನೆ. ಮಕ್ಕಳು ಬೆಂಗಳೂರು ಸೇರಿರುತ್ತಾರೆ. ತೋಟದ ಮನೆಯಲ್ಲಿ ವಯಸ್ಸಾದವರಿಬ್ಬರು, ಜೊತೆಗೆ ಮಕ್ಕಳು ಆಸೆಪಟ್ಟು ತಂದು ಬಿಟ್ಟುಹೋದ ನಾಯಿ. ಮೂವರೂ ಒಟ್ಟಿಗೇ ಮುದುಕರಾಗಿರುತ್ತಾರೆ.

ಇದು ಅಂಥ ಒಂದು ಮನೆಯದು. ಮಲೆನಾಡಿನ ಒಂದು ತಾಲೂಕು, ಯಾವುದೆಂಬುದು ಬೇಡ. ಆಕೆಯ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ನಾಯಿಯ ಹೆಸರನ್ನೂ ಬದಲಿಸಿದ್ದೇನೆ. ಹಳ್ಳಿಯಲ್ಲಿ ನಾಯಿಯ ಹೆಸರು ಹೇಳಿದರೆ ಮನೆಯ ವಿಳಾಸ ಕೊಟ್ಟ ಹಾಗೆಯೇ. ಕರಿಯ ಎನ್ನೋಣ.

ಆಕೆಗೆ ಅರವತ್ತರ ಆಸುಪಾಸು. ಮೂರು ತಿಂಗಳಿಂದ ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಕರಿಯನಿಗೆ ಹದಿನಾಲ್ಕು. ಹಿಂಗಾಲು ಸ್ವಲ್ಪಸ್ವಲ್ಪವೇ ಸೋತು, ಬಚ್ಚಲೊಲೆಯ ಪಕ್ಕ ಗೋಣಿಚೀಲದ ಮೇಲೆ ಬಿದ್ದುಕೊಂಡಿತ್ತು. ಮಲಗಿ ಮಲಗಿ ಸೊಂಟದಲ್ಲಿ ಹುಣ್ಣು. ಮಳೆಗಾಲ ಬೇರೆ, ಹುಣ್ಣಿಗೆ ಹುಳ ಬಿತ್ತು. ಆಕೆ ದಿನಾ ಬೆಳಿಗ್ಗೆ ಹುಬ್ಬು ಕೀಳುವ ಚಿಮಟದಲ್ಲಿ ಹುಳಗಳನ್ನು ಒಂದೊಂದೇ ಹೆಕ್ಕಿ ಒಲೆಗೆ ಹಾಕುತ್ತಿದ್ದರು. ಚಿಮಟ ಸೊಸೆಯದು, ದೀಪಾವಳಿಗೆ ಬಂದಾಗ ಮರೆತು ಹೋದದ್ದು.

ಸಲಹೆಗಳಿಗೇನೂ ಬರವಿರಲಿಲ್ಲ. ಗಂಡ ಹೇಳುತ್ತಿದ್ದರು, "ಆಯುಸ್ಸು ಇರೋವರೆಗೆ ಇರ್ತದೆ. ಕೊಡೋಕಾಗದ ಜೀವ ತೆಗೆಯೋಕೆ ನಾವ್ಯಾರು?" ಮಗ ವಿಡಿಯೋ ಕಾಲ್‌ನಲ್ಲಿ, "ಅಮ್ಮಾ, ನಾನು ಬರೋವರೆಗೆ ಅವನಿಗೆ ಏನೂ ಮಾಡಿಸ್ಬೇಡ." ಯಾವಾಗ ಬರುತ್ತಾನೆ ಎಂಬುದು ಗೊತ್ತಿಲ್ಲ. ತೋಟದ ಕೆಲಸದವನು ಪಿಕಪ್‌ನಲ್ಲಿ ಹಾಕಿಕೊಂಡು ಹೋಗಿ ಘಟ್ಟದಲ್ಲಿ ಬಿಟ್ಟು ಬರುತ್ತೇನೆ ಎಂದ. ಪಕ್ಕದ ಮನೆಯವರು ತೋಟಕ್ಕೆ ಹಂದಿ ಬರದಂತೆ ಇಟ್ಟುಕೊಂಡ ಕೋವಿಯ ಮಾತೆತ್ತಿದರು, "ಒಂದೇ ಈಡು." ಮತ್ತೊಬ್ಬರು ಅನ್ನದಲ್ಲಿ ಏನೋ ಕಲಸುವ ಮಾತಾಡಿದರು. ಇಷ್ಟು ಜನರ ಬಾಯಿ ಇತ್ತು. ಚಿಮಟ ಹಿಡಿಯುವ ಕೈ ಮಾತ್ರ ಒಂದೇ.

ಎರಡನೇ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಎಲ್ಲ ಕೇಳಿಸಿಕೊಂಡು, ನಮ್ಮ ತರಬೇತಿಯಲ್ಲಿ ಕಲಿಸಿದ ಹಾಗೆ, "ಇದರಲ್ಲಿ ಸರಿ ತಪ್ಪು ಅಂತ ಇಲ್ಲ, ನಿರ್ಧಾರ ನಿಮ್ಮದು" ಎಂದೆ. "ಸರಿ ಮೇಡಂ" ಎಂದು ಎದ್ದು ಹೋದವರು ಮೂರು ವಾರ ಬರಲಿಲ್ಲ. ಊರೆಲ್ಲ ಆಕೆಯ ಮೇಲೆ ಹೊರಿಸಿದ್ದ ಹೊರೆಯನ್ನೇ ನಾನೂ ಒಂದು ನಮಸ್ಕಾರದ ಜೊತೆ ಹೊರಿಸಿ ಕಳಿಸಿದ್ದೆ.

ಮತ್ತೆ ಬಂದದ್ದು ಒಂದು ಗುರುವಾರ, ಜೋರು ಮಳೆ. ಕೊಡೆ ಮೂಲೆಗಿಟ್ಟು ಕೂತರು. ಕರಿಯ ಹೇಗಿದ್ದಾನೆ ಎಂದೆ.

"ಹಾಗೇ ಇದೆ. ನಾನು ಬೆಳಿಗ್ಗೆ ಬಚ್ಚಲ ಬಾಗಿಲು ತೆಗೆಯೋ ಮುಂಚೆ ಅಗಣಿ ಮೇಲೆ ಕೈಯಿಟ್ಟು ದೇವರ ಹತ್ರ ಕೇಳ್ಕೊಳ್ತೀನಿ ಮೇಡಂ. ಇವತ್ತು ಹೋಗಿರಲಿ ಅಂತ. ಬಾಗಿಲು ತೆಗೆದರೆ ಬಾಲ ಆಡಿಸುತ್ತೆ."

ನಾನು ಸುಮ್ಮನಿದ್ದೆ.

"ಹೀಗೆ ಕೇಳ್ಕೊಂಡಿದ್ದು ಇದು ಎರಡನೇ ಸಲ," ಎಂದರು. "ಅತ್ತೆ ಮಲಗಿದ್ದಾಗ ಒಂದು ಸಲ ಕೇಳ್ಕೊಂಡಿದ್ದೆ. ನಾಲ್ಕೇ ದಿನ, ಹೋಗಿಬಿಟ್ರು. ಆಗ ಕೇಳಿದ್ದು ಆಯ್ತು. ಈಗ ಎಷ್ಟು ಕೇಳಿದ್ರೂ ಆಗ್ತಿಲ್ಲ. ಈ ಸಲ ನಿನ್ನ ಕೈಯಾರೆ ಮಾಡು ಅಂತಿದಾನೇನೋ."

ಅಲ್ಲಿಯವರೆಗೆ ನಾನು ನಾಯಿಯ ವಿಷಯ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅತ್ತೆ ಹೋಗಿ ಹನ್ನೊಂದು ವರ್ಷವಾಗಿತ್ತು. ಕ್ಯಾನ್ಸರ್. ಇನ್ನೇನೂ ಮಾಡಲಾಗದು, ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಐದು ತಿಂಗಳು ಆಕೆಯೇ ನೋಡಿಕೊಂಡಿದ್ದರು. ನೋವಿಗೆ ಏನು ಕೊಡುತ್ತಿದ್ದಿರಿ ಎಂದು ಕೇಳಿದೆ. ಜ್ವರಕ್ಕೆ ಕೊಡುವ ಮಾತ್ರೆ ಎಂದರು.

"ಅತ್ತೆ ಸಾಯಲಿ ಅಂತ ಕೇಳಿದ್ರಾ, ಅವರ ಕೂಗು ನಿಲ್ಲಲಿ ಅಂತ ಕೇಳಿದ್ರಾ?"

ತುಂಬಾ ಹೊತ್ತು ಸೆರಗಿನ ಅಂಚು ಮಡಚುತ್ತ ಬಿಚ್ಚುತ್ತ ಕೂತರು. "ಆಗ ಎರಡೂ ಒಂದೇ ಆಗಿತ್ತು," ಎಂದರು.

ಈ ಒಂದು ಮಾತಿಗಾಗಿಯೇ ನಾನು ಈ ಪ್ರಕರಣ ಬರೆಯಲು ಕೂತದ್ದು. ನೋವಿಗೆ ಔಷಧವೇ ಇಲ್ಲದ ಮನೆಯಲ್ಲಿ ನೋವು ನಿಲ್ಲಲಿ ಎನ್ನುವುದಕ್ಕೂ ಜೀವ ಹೋಗಲಿ ಎನ್ನುವುದಕ್ಕೂ ಬೇರೆ ಬೇರೆ ಮಾತು ಇರುವುದಿಲ್ಲ. ಕೇಳಿಕೊಂಡವರು ಪಾಪಿಗಳಂತೆ ಬದುಕುತ್ತಾರೆ. "ಈಗ ಎರಡೂ ಒಂದೇ ಆಗಬೇಕಾಗಿಲ್ಲ," ಎಂದೆ. "ಮೊದಲು ಕರಿಯನ ನೋವು ನಿಲ್ಲಿಸೋಣ. ಆಮೇಲೂ ನಿಲ್ಲದಿದ್ದರೆ ಡಾಕ್ಟರ ಕೈಯಲ್ಲಿ ನೋವಿಲ್ಲದೆ ಜೀವ ಹೋಗುವ ಇಂಜೆಕ್ಷನ್ ಕೊಡಿಸಿ. ಇದು ನಾನು ಹೇಳ್ತಿರೋದು. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ."

ಆಪ್ತಸಲಹೆಗಾರರು ಹೀಗೆ ಹೇಳಬಾರದು. ಜೊತೆಯವರೊಬ್ಬರು ನನಗೆ ಇದನ್ನು ನೇರವಾಗಿಯೇ ಹೇಳಿದರು: ನೀವು ಆಕೆಯ ನಿರ್ಧಾರವನ್ನು ಕಿತ್ತುಕೊಂಡಿರಿ ಎಂದು. ಇರಬಹುದು. ಬೇರೆ ಊರಿಗೆ ಮನೆ ಬದಲಿಸಬೇಕು, ಫ್ಲ್ಯಾಟಿನಲ್ಲಿ ನಾಯಿ ಸಾಕಲು ಬಿಡುವುದಿಲ್ಲ, ಅದಕ್ಕೇ ಇಂಜೆಕ್ಷನ್ ಕೊಡಿಸಲೇ ಎಂದು ಕೇಳಿದವರಿಗೆ ನಾನು ಖಡಾಖಂಡಿತ ಇಲ್ಲ ಎಂದವಳೇ. ವಾಸನೆ ಬರುತ್ತದೆ ಎಂದವರಿಗೂ ಹಾಗೆಯೇ ಹೇಳಿದ್ದೇನೆ. ಆದರೆ ಬೆಳಿಗ್ಗೆ ಬೆಳಿಗ್ಗೆ ಹುಳ ಹೆಕ್ಕುವ ಕೈಗೆ, ಎರಡು ಕಡೆಯೂ ಸೇರದೆ ಕೂತ ನನ್ನಿಂದ ಏನು ಉಪಯೋಗ?

ಗಂಡನನ್ನು ಕರೆದುಕೊಂಡು ಬರಲು ಹೇಳಿದೆ. ಬಂದರು. ಒಳ್ಳೆಯ ಮನುಷ್ಯ, ಅಹಿಂಸೆಯ ಮಾತು ಬರಿ ಬಾಯಿಮಾತಲ್ಲ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ವಾಸಿಯಾಗದೆ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ವೈದ್ಯರನ್ನು ಕರೆಸಿ ಜೀವ ಹೋಗುವ ಚುಚ್ಚುಮದ್ದು ಕೊಡಿಸಿದ್ದನ್ನು ಹೇಳಿದೆ. ಅದನ್ನು ಅವರು ಮುಚ್ಚಿಡದೆ ತಮ್ಮ ಪತ್ರಿಕೆಯಲ್ಲೇ ಬರೆದರು. ಸಿಟ್ಟಿನ ಪತ್ರಗಳು ಸಾಕಷ್ಟು ಬಂದವು. "ಗಾಂಧಿ ಮಾಡಿದ್ರು ಅಂತ ನಾವೂ ಮಾಡೋಕಾಗತ್ತಾ ಮೇಡಂ?" ಎಂದು ನಕ್ಕರು. ನನಗೂ ನಗು ಬಂತು. ಆದರೆ ಡಾಕ್ಟರನ್ನು ಕರೆಸಲು ಒಪ್ಪಿದರು. ನನಗೆ ಬೇಕಾಗಿದ್ದದ್ದು ಅಷ್ಟೇ.

ದನದ ಡಾಕ್ಟರು ಬಂದವರು ಮೊದಲು ದೂರ ನಿಂತೇ ಕೇಳಿದರಂತೆ: ಕಾಲು ಬಿದ್ದದ್ದು ತಿಂಗಳುಗಟ್ಟಲೆಯಲ್ಲೋ ಎರಡು ಮೂರು ದಿನದಲ್ಲೋ? ಜೊಲ್ಲು ಸುರಿಯುತ್ತದೆಯೇ, ನುಂಗಲು ಕಷ್ಟವೇ, ಕೂಗು ಬದಲಾಗಿದೆಯೇ? ಇದನ್ನು ಓದುವವರೂ ನೆನಪಿಟ್ಟುಕೊಳ್ಳಬೇಕು. ರೇಬಿಸ್ ಎಂದರೆ ಯಾವಾಗಲೂ ಕಚ್ಚಲು ಬರುವ ನಾಯಿ ಎಂದಲ್ಲ. ಸುಮ್ಮನೆ ಕಾಲು ಬಿದ್ದು ಮಲಗುವ ಬಗೆಯೂ ಉಂಟು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ಹಾಕಿದವರು ಅಪಾಯಕ್ಕೆ ಸಿಲುಕುತ್ತಾರೆ. ಕರಿಯನದು ಹಾಗಲ್ಲ, ವಯಸ್ಸಿನ ಬೆನ್ನುಮೂಳೆ ತೊಂದರೆ. ಆದರೆ ಇನ್ನೊಂದು ಹೊರಬಿತ್ತು. ಆಕೆ ತಮ್ಮ ಮಂಡಿನೋವಿನ ಡೈಕ್ಲೋಫೆನಾಕ್ ಮಾತ್ರೆಯನ್ನು ಪುಡಿ ಮಾಡಿ ಮೊಸರನ್ನಕ್ಕೆ ಬೆರೆಸುತ್ತಿದ್ದರು. ನಾಯಿ ಕಪ್ಪಗೆ ಟಾರಿನ ಹಾಗೆ ಹೇಲುತ್ತಿತ್ತು. ಅದು ಹೊಟ್ಟೆಯೊಳಗೆ ರಕ್ತ ಸೋರುವ ಲಕ್ಷಣ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ನಮ್ಮ ಅಂದಾಜಿನಲ್ಲಿ ಕೊಡುವಂಥದ್ದಲ್ಲ. ಪ್ರೀತಿಯಿಂದ ಕೊಟ್ಟದ್ದೇ ಅದನ್ನು ಇನ್ನಷ್ಟು ಹಣ್ಣು ಮಾಡಿತ್ತು. ಡಾಕ್ಟರು ಅದನ್ನು ನಿಲ್ಲಿಸಿ, ಹೊಟ್ಟೆಗೂ ನೋವಿಗೂ ನಾಯಿಯ ತೂಕಕ್ಕೆ ತಕ್ಕ ಔಷಧ ಕೊಟ್ಟು, ಹುಣ್ಣು ತೊಳೆದು ಹುಳ ತೆಗೆದು, ಗೋಣಿಯ ಬದಲು ಹಳೆ ಹಾಸಿಗೆ ಹಾಕಿ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಳಿ ಹೋದರು.

ಎರಡು ವಾರ ಲೆಕ್ಕ ಇಡಿ ಎಂದು ನಾನು ಹೇಳಿದ್ದೆ. ಆಲಿಸ್ ವಿಲಾಲೋಬೋಸ್ ಎಂಬ ಅಮೆರಿಕದ ಪಶುವೈದ್ಯೆ 2004ರಲ್ಲಿ ಇದಕ್ಕೆಂದೇ ಒಂದು ಅಳತೆ ಮಾಡಿಕೊಟ್ಟಿದ್ದಾರೆ. ನೋವು, ಹಸಿವು, ನೀರು, ಚೊಕ್ಕಟ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚೇ ಎಂಬ ಏಳು ಅಂಶ, ಒಂದೊಂದಕ್ಕೂ ಹತ್ತರಲ್ಲಿ ಅಂಕ. ಒಟ್ಟು 35 ದಾಟಿದರೆ ನೋಡಿಕೊಳ್ಳುತ್ತ ಹೋಗಬಹುದು ಎಂದು ಲೆಕ್ಕ. ಕಾಗದದಲ್ಲಿ ಬರೆದುಕೊಟ್ಟಿದ್ದೆ. ಆಕೆ ಅದನ್ನು ಬದಿಗಿಟ್ಟು, ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ತಮ್ಮದೇ ರೀತಿಯಲ್ಲಿ ಬರೆದರು. "ಒಂದೂವರೆ ಲೀ." ಎಂಬುದರ ಕೆಳಗೆ "ಉಂಡ", "ಅರ್ಧ ಉಂಡ", "ರಾತ್ರಿ ಕೂಗಲಿಲ್ಲ". ಖುಷಿಯ ಅಂಕ ಎಲ್ಲಿ ಎಂದು ಕೇಳಿದೆ. ಬಾಲ ಆಡಿಸುತ್ತಾನಲ್ಲ?

"ಬಾಲ ಲೆಕ್ಕಕ್ಕಿಲ್ಲ ಮೇಡಂ. ಅದು ನನಗೋಸ್ಕರ ಆಡಿಸೋದು."

ಮೊದಲ ವಾರ ಕರಿಯ ಚೆನ್ನಾಗಿ ಉಂಡ. ಒಂದು ದಿನ ಮುಂಗಾಲಲ್ಲಿ ತೆವಳಿಕೊಂಡು ಅಂಗಳದ ಬಿಸಿಲಿಗೂ ಬಂದನಂತೆ. ಎರಡನೇ ವಾರ "ಅರ್ಧ" ಹೆಚ್ಚಾಯಿತು. ಆಮೇಲೆ "ಇಲ್ಲ". ಕ್ಯಾಲೆಂಡರಿನ ಫೋಟೋ ನನಗೆ ಫೋನಿನಲ್ಲಿ ಕಳಿಸಿದ್ದರು. ಹದಿಮೂರನೇ ದಿನದ ಚೌಕದಲ್ಲಿ ಅಕ್ಷರ ಬೇರೆ, ಮೋಡಿ ಬರವಣಿಗೆಯಂಥದ್ದು: "ನೀರೂ ಬೇಡ ಅಂತು." ಅದು ಗಂಡನ ಕೈ. ಆ ಮನೆಯಲ್ಲಿ ಒಪ್ಪಿಗೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದೇ ಒಪ್ಪಿಗೆ.

ಇನ್ನು ಉಳಿದ ದಾರಿಗಳ ಬಗ್ಗೆ ಕೇಳುವವರಿಗೆ ನಾನು ಹೇಳುವುದು ಹೀಗೆ. ಘಟ್ಟದಲ್ಲಿ ಬಿಟ್ಟ ಮುದಿ ನಾಯಿ ಕಾಡಿಗೆ ಹೋಗುವುದಿಲ್ಲ. ಬಿಟ್ಟ ಜಾಗದಲ್ಲೇ, ಬರುವ ಗಾಡಿಗಳನ್ನು ನೋಡುತ್ತ ಹಸಿದು ಬಾಯಾರಿ ಸಾಯುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ, ಪಿಕಪ್‌ನ ಡೀಸೆಲ್‌ಗೂ ಸಾಲದು. ಹಾಗಾಗಿ ಕಾಯ್ದೆಯ ಹೆದರಿಕೆ ನಾನು ಹಾಕುವುದಿಲ್ಲ, ನಾಯಿ ಗಾಡಿ ನೋಡುತ್ತ ಕೂತದ್ದನ್ನಷ್ಟೇ ಹೇಳುತ್ತೇನೆ. ತೋಟದ ಔಷಧ ತಿಂದ ನಾಯಿ ನೊರೆ ಕಾರಿ, ಸೆಟೆದು, ಗಂಟೆಗಟ್ಟಲೆ ಒದ್ದಾಡುತ್ತದೆ. ಕೋವಿ ಹಿಡಿದವರ ಕೈ ನಡುಗಿದರೆ ಎರಡನೇ ಈಡು ಬೇಕಾಗುತ್ತದೆ, ಸಾಕಿದ ನಾಯಿಯ ಮುಂದೆ ಯಾರ ಕೈಯೂ ನಡುಗುತ್ತದೆ.

ಡಾಕ್ಟರು ಮಾಡುವುದು ಬೇರೆ. ಮೊದಲು ಮಂಪರಿನ ಇಂಜೆಕ್ಷನ್, ಸ್ನಾಯುವಿಗೆ. ಅದು ಹತ್ತುವವರೆಗೆ ಕಾಯುತ್ತಾರೆ. ಆಮೇಲೆ ಮುಂಗಾಲಿನ ರಕ್ತನಾಳಕ್ಕೆ ಅರಿವಳಿಕೆ ಔಷಧವನ್ನೇ ಹೆಚ್ಚಿನ ಪ್ರಮಾಣದಲ್ಲಿ. ಎಚ್ಚರ ಹೋಗಲು ಕೆಲವು ಸೆಕೆಂಡು, ಉಸಿರು ನಿಲ್ಲಲು ಕೆಲವು ನಿಮಿಷ. ಕಣ್ಣು ತೆರೆದೇ ಇರುತ್ತದೆ. ಆಮೇಲೊಮ್ಮೆ ಮೈ ಅದುರಬಹುದು, ಉಸಿರೆಳೆದ ಹಾಗಾಗಬಹುದು, ಉಚ್ಚೆ ಹೋಗಬಹುದು. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಜೀವ ಇದ್ದಾಗಲೇ ಹೂತೆವೇನೋ ಎಂದು ವರ್ಷಗಟ್ಟಲೆ ಕೊರಗುತ್ತಾರೆ. ಅಂಥವರೂ ನನ್ನ ಹತ್ತಿರ ಬಂದಿದ್ದಾರೆ. ಎಚ್ಚರವಿರುವ ನಾಯಿಯ ಎದೆಗೆ ನೇರ ಚುಚ್ಚುತ್ತೇನೆ ಎಂದು ಯಾರಾದರೂ ಹೊರಟರೆ ಬೇಡ ಎನ್ನಿ. ತಾಲೂಕಿನಲ್ಲಿ ಆಗದಿದ್ದರೆ ಜಿಲ್ಲಾ ಪಶು ಆಸ್ಪತ್ರೆ, ಶಿವಮೊಗ್ಗ ಕಡೆಯವರಾದರೆ ಅಲ್ಲಿನ ಪಶುವೈದ್ಯಕೀಯ ಕಾಲೇಜು ಇದೆ. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಆಂಬುಲೆನ್ಸ್ ಮುಖ್ಯವಾಗಿ ದನಕರುಗಳಿಗೆ, ಆದರೂ ಒಮ್ಮೆ ಕೇಳಿ ನೋಡಿ. ನಾಯಿಯನ್ನು ಹೂಳುವ ಗುಂಡಿ ಆಳವಿರಲಿ. ಆ ಔಷಧ ಹೆಣದಲ್ಲಿ ಉಳಿಯುತ್ತದೆ, ಕೆದಕಿ ತಿಂದ ನರಿಯೂ ಇನ್ನೊಂದು ನಾಯಿಯೂ ಅದರಿಂದ ಸಾಯಬಹುದು.

ಆ ಮನೆಯಲ್ಲಿ ಗುಂಡಿಯನ್ನು ಹಿಂದಿನ ಸಂಜೆಯೇ ಹಲಸಿನ ಮರದ ಬುಡದಲ್ಲಿ ಗಂಡ ತೋಡಿಟ್ಟಿದ್ದರು, ಯಾರಿಗೂ ಹೇಳದೆ. ಎದೆಮಟ್ಟ. ಮಗ ಫೋನಿನಲ್ಲಿ ಅತ್ತ, ಸಿಟ್ಟೂ ಮಾಡಿಕೊಂಡ. ಮೊಮ್ಮಗಳಿಗೆ ಕರಿಯ ಓಡಿಹೋದ ಎಂದು ಹೇಳೋಣವೇ ಎಂದು ಕೇಳಿದರು. ಬೇಡ, ಓಡಿಹೋದದ್ದು ವಾಪಸ್ ಬರುತ್ತದೆ ಎಂದು ಮಗು ಕಾಯುತ್ತದೆ, ಸತ್ತ ಎಂದೇ ಹೇಳಿ ಎಂದೆ. ಡಾಕ್ಟರು ಬಂದದ್ದು ಬೆಳಿಗ್ಗೆ ಏಳೂವರೆಗೆ. ಆ ದಿನವೂ ಆಕೆ ಬಚ್ಚಲ ಬಾಗಿಲು ತೆಗೆದರು, ಅದು ಬಾಲ ಆಡಿಸಿತು. ಅಗಣಿಯ ಮೇಲೆ ಕೈಯಿಟ್ಟು ಆವತ್ತು ಏನೂ ಕೇಳಿಕೊಳ್ಳಲಿಲ್ಲವಂತೆ.

ಈಗ ನಾಲ್ಕು ಗಂಟೆಯವರೆಗೆ ನಿದ್ದೆ ಬರುತ್ತದೆ. ಅತ್ತೆಯ ಮಾತು ಶುರುವಾಗಿದೆ, ಅದಕ್ಕೆ ನನ್ನ ಹತ್ತಿರ ಇಷ್ಟು ಸಲೀಸಾದ ಉತ್ತರ ಇಲ್ಲ. ಮುಂದಿನ ಗುರುವಾರ ಬರುತ್ತಾರೆ.