"ಬರ್ಕೊಡು, ಬಿಟ್ಬಿಡ್ತೀವಿ" ಅಂದ್ರು, ಹುಡುಗ ಬರ್ಕೊಟ್ಟ: ಒಂದು ಡಿಬಾರ್ ಪ್ರಕರಣ

ಹುಡುಗನ ಒಪ್ಪಿಗೆ ತಗೊಂಡೇ ಇದನ್ನ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ. ಅವನನ್ನ ಸುರೇಶ ಅನ್ನೋಣ. ಜಗಳೂರು ಕಡೆ ಹಳ್ಳಿ, ಅಪ್ಪಂದು ಮೂರು ಎಕ್ರೆ ಮೆಕ್ಕೆಜೋಳ, ಆ ಮನೇಲಿ ಡಿಗ್ರಿ ಮೆಟ್ಲು ಹತ್ತಿದೋನು ಇವನೇ ಮೊದಲು. ದಾವಣಗೆರೇಲಿ ಹಾಸ್ಟೆಲ್‌ನಲ್ಲಿದ್ಕೊಂಡು ಬಿಕಾಂ ಐದನೇ ಸೆಮಿಸ್ಟರ್ ಓದ್ತಿದ್ದ.

ಇನ್ಕಮ್ ಟ್ಯಾಕ್ಸ್ ಪೇಪರ್ ದಿನ ನಕಲು ಹಿಡಿಯೋ ಸ್ಕ್ವಾಡ್ ಬಂತು, ಪ್ಯಾಂಟ್ ಜೇಬಲ್ಲಿ ಮೊಬೈಲ್ ಸಿಕ್ತು, ಆನ್ಸರ್ ಶೀಟ್ ಕಿತ್ಕೊಂಡು ಆಫೀಸಿಗೆ ಕರ್ಕೊಂಡು ಹೋದ್ರು. ಅಲ್ಲಿ ಒಬ್ರು "ನಾವು ಹೇಳಿದಂಗೆ ಬರ್ಕೊಡು, ಇಲ್ಲೇ ಮುಗಿಸ್ಬಿಡೋಣ" ಅಂದ್ರಂತೆ, ಇವನು ನಡುಗ್ತಾ ಬರ್ಕೊಟ್ಟ. ಮೂರು ವಾರಕ್ಕೆ ವಿಚಾರಣೆಗೆ ಬಾ ಅಂತ ನೋಟಿಸ್ ಬಂತು. ಜೊತೆಗೆ ಅವನೇ ಬರ್ದಿದ್ದ ಪತ್ರದ ಜೆರಾಕ್ಸು.

ಸಲಹೆ ಕೇಳ್ಕೊಂಡು ನನ್ನ ಹತ್ರ ಬಂದಾಗ ಅಪ್ಪ, ಸೋದರಮಾವ, ಹುಡುಗ ಮೂರು ಜನ. ಅಪ್ಪಾನೇ ಮಾತಾಡಿದ್ದು. "ಮೇಡಂನೋರೆ, ನಮ್ ಹುಡುಗ ಅಂಥೋನಲ್ಲ, ಫೋನು ಮರ್ತು ಜೇಬಲ್ಲಿ ಉಳ್ಕಂಡೈತೆ, ಅಷ್ಟಕ್ಕೇ ಕಳ್ಳನ ಮಾಡ್ಯಾರೆ." ಮಾವ ಮಧ್ಯದಲ್ಲೇ ನಮ್ಗೆ ಗೊತ್ತಿರೋ ಲೀಡರ್ ಒಬ್ರದಾರೆ, ಒಂದು ಫೋನ್ ಹೊಡೆಸ್ತೀನಿ ಅಂತ ಕೂತ್ಕೊಂಡ್ರು. ಸುರೇಶ ನೆಲ ನೋಡ್ತಿದ್ದ.

ಆ ಜೆರಾಕ್ಸ್ ನಾನು ಎರಡು ಸಲ ಓದ್ದೆ. "ಸದರಿ ವಿದ್ಯಾರ್ಥಿಯಾದ ನಾನು ಮೊಬೈಲ್ ಸಹಾಯದಿಂದ ಉತ್ತರಗಳನ್ನು ನಕಲು ಮಾಡಿರುತ್ತೇನೆ" ಅಂತಿತ್ತು. ಮೊದಲನೇ ಸಾಲು ನೆಟ್ಟಗಿತ್ತು, ಮೂರನೇ ಸಾಲಿಗೆ ಅಕ್ಷರ ಕೆಳಗೆ ಜಾರ್ಕೊಂಡು ಹೋಗಿತ್ತು, ಸಹಿ ಅಂತೂ ಅರ್ಧಕ್ಕೇ ನಿಂತಿತ್ತು. ಇಪ್ಪತ್ತು ವರ್ಷದ ಹುಡುಗ ತಾನಾಗೇ ಬರೆಯೋವಾಗ ಸದರಿ ಅಂತ ಬರೆಯಲ್ಲ, ಮಾಡಿರುತ್ತೇನೆ ಅಂತಾನೂ ಬರೆಯಲ್ಲ. ಅದು ಯಾರೋ ಹೇಳ್ಕೊಟ್ಟು ಬರೆಸಿದ್ದು ಅಂತ ನನಗೆ ಅನುಮಾನ ಇರ್ಲಿಲ್ಲ.

ಅಪ್ಪನ್ನ, ಮಾವನ್ನ ಹೊರಗೆ ಕೂರಿಸಿ ಹುಡುಗನ ಜೊತೆ ಒಬ್ಬಳೇ ಮಾತಾಡ್ದೆ. ಮೊದಲು ಕಾಯ್ದೆ ವಿಷಯ ಎತ್ತಲಿಲ್ಲ, ಊಟ ಮಾಡಿ ಎಷ್ಟು ದಿನ ಆಯ್ತಪ್ಪಾ ಅಂತ ಕೇಳ್ದೆ. ನಿದ್ದೆ ಇಲ್ಲ, ಎರಡು ಸಂಜೆ ಕುಂದವಾಡ ಕೆರೆ ಏರಿ ಮೇಲೆ ಒಬ್ನೇ ಕೂತು ಬಂದಿದ್ದೆ ಅಂದ. ಸಾಯೋ ಯೋಚನೆ ಬಂತಾ ಅಂತ ನೇರವಾಗಿ ಕೇಳ್ದೆ. ಇಂಥ ಪ್ರಶ್ನೆ ಕೇಳಿದ್ರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ತುಂಬಾ ಜನ ಹೆದರ್ತಾರೆ, ಹಂಗೇನಿಲ್ಲ, ಕೇಳಿದ್ರೇನೇ ಎದೆ ಹಗುರ ಆಗೋದು. ಬಂದಿತ್ತು ಅಂದ. ಅವತ್ತು ಉಳಿದ ಸಮಯ ಪೂರ್ತಿ ಅದಕ್ಕೇ ಹೋಯ್ತು. ರಾತ್ರಿ ಒಬ್ನೇ ಇರ್ಬಾರ್ದು, ರೂಮ್‌ಮೇಟ್‌ಗೆ ಹೇಳಿರ್ಬೇಕು, ಯಾವ ಹೊತ್ತಲ್ಲಾದ್ರೂ 14416ಕ್ಕೆ ಫೋನ್ ಮಾಡ್ಬಹುದು, ಅದು ಟೆಲಿಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ ಅಂತ ಹೇಳಿ ನಂಬರ್ ಅವನ ಕೈಲೇ ಸೇವ್ ಮಾಡಿಸ್ದೆ.

ಎರಡನೇ ಸಲ ಬಂದಾಗ ಬಾಯಿ ಬಿಟ್ಟ. ಫೋನ್ ಮರ್ತು ಇಟ್ಕೊಂಡಿದ್ದಲ್ಲ. ನೋಟ್ಸ್‌ನ ಹದಿನಾಲ್ಕು ಫೋಟೋ ತೆಗ್ದು ಬೇಕಂತಲೇ ಒಳಗೆ ಒಯ್ದಿದ್ದ, ಟಾಯ್ಲೆಟ್‌ಗೆ ಹೋಗೋಕೆ ಬಿಟ್ರೆ ನೋಡೋಣ ಅಂತ. ಆದ್ರೆ ಪೇಪರ್ ಶುರುವಾದ ಅರ್ಧ ಗಂಟೆಗೇ ಸ್ಕ್ವಾಡ್ ಬಂದಿತ್ತು, ಫೋನ್ ಆಫ್ ಆಗೇ ಇತ್ತು, ಒಂದಕ್ಷರ ನೋಡಿರ್ಲಿಲ್ಲ. "ಅಪ್ಪಂಗೆ ಹೇಳಿಲ್ಲ ಮೇಡಂ. ನಂಬ್ಕೊಂಡವ್ನೆ."

ನನ್ನ ಸಲಹೆ ಪೂರ್ತಿ ಈ ಮಾತಿನ ಸುತ್ತಾನೇ. ನೀನು ಮಾಡದೇ ಇರೋದನ್ನ ಬರ್ಕೊಟ್ಟಿದೀಯ, ಮಾಡಿದ್ದನ್ನ ಮುಚ್ಚಿಟ್ಟಿದೀಯ, ಎರಡನ್ನೂ ಸರಿ ಮಾಡ್ಬೇಕು ಅಂದೆ. ಪತ್ರ ಬಲವಂತಕ್ಕೆ ಬರ್ದಿದ್ದು ಅಂತ ವಿಚಾರಣೆ ಮಾಡೋ ಸಮಿತಿ ಮುಂದೆ ಹೇಳೋ ಹಕ್ಕು ಅವನಿಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅದೇ ಬಾಯಲ್ಲಿ ಫೋನ್ ಮರ್ತು ಬಂತು ಅಂತ ಸುಳ್ಳು ಹೇಳಿ, ಅವರು ಗ್ಯಾಲರಿ ತೆಗ್ದು ಹದಿನಾಲ್ಕು ಫೋಟೋ ಮುಂದಿಟ್ರೆ, ಬಲವಂತದ ಮಾತನ್ನೂ ಯಾರೂ ನಂಬಲ್ಲ. ಮೊಬೈಲ್ ಜೇಬಲ್ಲಿ ಇದ್ರೇನೇ ತಪ್ಪು ಅಂತ ಹೆಚ್ಚಿನ ಪರೀಕ್ಷಾ ನಿಯಮಗಳಲ್ಲಿ ಇರುತ್ತೆ. ಆದ್ರೂ ಇಟ್ಕೊಂಡಿದ್ದಕ್ಕೂ ನೋಡಿ ಬರ್ದಿದ್ದಕ್ಕೂ ವ್ಯತ್ಯಾಸ ಇದೆ, ಶಿಕ್ಷೆ ಎಷ್ಟು ಅನ್ನೋದು ಆ ವ್ಯತ್ಯಾಸದ ಮೇಲೇ ನಿಲ್ಬೇಕು.

ಅವನ ಮಾತು ಕೇಳದೇ ಶಿಕ್ಷೆ ಕೊಡೋ ಹಂಗಿಲ್ಲ ಅನ್ನೋದು ಹೊಸದೇನಲ್ಲ. 1962ರಲ್ಲೇ ಸುಪ್ರೀಂ ಕೋರ್ಟು ಘನಶ್ಯಾಮ್ ದಾಸ್ ಗುಪ್ತ ಪ್ರಕರಣದಲ್ಲಿ ಇದನ್ನ ಹೇಳಿದೆ, ಅಲ್ಲೂ ಪರೀಕ್ಷೆ ಅಕ್ರಮದ ಆರೋಪಾನೇ, ಉತ್ತರ ಪ್ರದೇಶದ ಬೋರ್ಡು ಹುಡುಗ್ರನ್ನ ಒಂದು ಮಾತೂ ಕೇಳದೆ ರಿಸಲ್ಟ್ ರದ್ದು ಮಾಡಿತ್ತು. ಹಂಗಾಗಿ ನೋಟಿಸ್ ಬಂದಿದ್ದೇ ಒಳ್ಳೇದು, ಅದು ನಿನಗೆ ಮಾತಾಡೋಕೆ ಸಿಕ್ಕ ಜಾಗ, ಹೆದರ್ಕೊಂಡು ತಪ್ಪಿಸ್ಕೋಬೇಡ ಅಂತ ಅವನಿಗೆ ಒತ್ತಿ ಹೇಳ್ದೆ. ಯಾವ ನಿಯಮದ ಕೆಳಗೆ ಆರೋಪ, ಸ್ಕ್ವಾಡ್ ವರದಿ, ಆನ್ಸರ್ ಶೀಟ್ ಪ್ರತಿ, ಇಷ್ಟನ್ನ ವಿಚಾರಣೆಗೆ ಮುಂಚೆ ಕೊಡಿ ಅಂತ ಅರ್ಜಿ ಬರೆಸಿ ಟಪಾಲ್ ಸೆಕ್ಷನ್‌ನಲ್ಲಿ ಕೊಟ್ಟು ಸೀಲ್ ಹಾಕಿಸ್ಕೊಂಡು ಬಾ ಅಂದೆ, ಸೀಲ್ ಇಲ್ಲದ ಅರ್ಜಿ ಕೊಟ್ರೂ ಕೊಡದಂಗೇನೇ. ಮಾಹಿತಿ ಹಕ್ಕಲ್ಲೂ ಕೇಳ್ಬಹುದು, 10 ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದದೊಳಗೆ, ಆದ್ರೆ ಉತ್ತರಕ್ಕೆ 30 ದಿನ ಟೈಮ್ ಇರುತ್ತೆ, ವಿಚಾರಣೆ ಹನ್ನೊಂದು ದಿನಕ್ಕಿತ್ತು, ಹಾಗಾಗಿ ಅದನ್ನ ನೆಚ್ಕೊಂಡು ಕೂರೋ ಹಾಗಿರ್ಲಿಲ್ಲ.

ಇನ್ನೊಂದು ವಿಷಯಕ್ಕೆ ನನಗೆ ನಿಜವಾಗ್ಲೂ ಸಿಟ್ಟು ಬಂತು. ಕೇಸ್ ಮುಗಿಯೋತನಕ ನಿನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಕೊಡಲ್ಲ ಅಂತ ಕ್ಲರ್ಕ್ ಒಬ್ರು ಹೇಳಿದ್ರಂತೆ. ಆ ಮಾರ್ಕ್ಸ್ ಕಾರ್ಡು ಅವನ ಆಸ್ತಿ, ಅದನ್ನ ಒತ್ತೆ ಇಟ್ಕೊಳ್ಳೋ ಹಾಗಿಲ್ಲ ಅಂತ ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2018ರಲ್ಲೇ ಹೇಳಿದೆ. ಅದರದೇ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮದಲ್ಲೂ ದಾಖಲೆ ತಡೆಹಿಡಿಯೋದು ದೂರು ಕೊಡೋ ವಿಷಯಾನೇ. ಇಂಥ ದೂರು ನೋಡೋ ಕುಂದುಕೊರತೆ ಸಮಿತಿ 15 ಕೆಲಸದ ದಿನದೊಳಗೆ ವರದಿ ಕೊಡ್ಬೇಕು, ಸಮಾಧಾನ ಆಗ್ಲಿಲ್ಲ ಅಂದ್ರೆ ತೀರ್ಮಾನ ಕೈಗೆ ಬಂದ 15 ದಿನದೊಳಗೆ ಓಂಬುಡ್ಸ್‌ಪರ್ಸನ್ ಅನ್ನೋ ಮೇಲ್ಮನವಿ ಅಧಿಕಾರಿ ಹತ್ರ ಮೇಲ್ಮನವಿ ಹಾಕ್ಬಹುದು. ಈ ದೂರು ಬೇರೆ, ಮೊಬೈಲ್ ಕೇಸ್ ಬೇರೆ, ಎರಡನ್ನೂ ಒಂದೇ ಕಾಗದದಲ್ಲಿ ಕಲಸ್ಬೇಡ ಅಂದೆ. ದೂರು ಕೊಡೋದೇ ಬೇಕಾಗ್ಲಿಲ್ಲ, ಒರಿಜಿನಲ್ ಕೊಡಿ ಅಂತ ಬರ್ದ ಅರ್ಜಿ ಮೇಲೆ ನಿಯಮದ ವರ್ಷ ಇದ್ದಿದ್ದು ನೋಡಿ ಎರಡೇ ದಿನಕ್ಕೆ ವಾಪಸ್ ಕೊಟ್ರು.

ಲೀಡರ್ ಫೋನ್ ಬೇಡ ಅಂತ ಮಾವನಿಗೆ ಕೈಮುಗಿದು ಹೇಳ್ದೆ. ಗೇಟ್ ಹತ್ರ ಧರಣಿ ಕೂರ್ತೀವಿ ಅಂತಿದ್ದ ಹಾಸ್ಟೆಲ್ ಹುಡುಗ್ರಿಗೆ ಸುರೇಶನೇ ಬೇಡ ಅಂದ, ತಪ್ಪು ತನ್ನಲ್ಲೂ ಇದೆ ಅಂತ ಅವನಿಗೆ ಗೊತ್ತಿತ್ತು.

ಅಪ್ಪಂಗೆ ಹೇಳೋದೇ ದೊಡ್ಡ ಬೆಟ್ಟ. ಸಮಿತಿ ಮುಂದೆ ಗೊತ್ತಾಗೋಕಿಂತ ಮುಂಚೆ ನಿನ್ನ ಬಾಯಿಂದ ಗೊತ್ತಾಗ್ಲಿ ಅಂದೆ, ನನ್ನ ರೂಮಲ್ಲೇ ಹೇಳ್ದ. ಅಪ್ಪ ಬಹಳ ಹೊತ್ತು ಟವೆಲ್ ಮಡಚ್ತಾ ಬಿಚ್ತಾ ಕೂತಿದ್ರು. ಆಮೇಲೆ "ನನ್ ಹತ್ರ ಯಾಕ್ಲಾ ಮುಚ್ಚಿಟ್ಟೆ, ಒಂದ್ ವರ್ಷ ಮಳೆ ಹೋತು ಅಂತ ಹೊಲ ಮಾರ್ತೀವೇನ್ಲಾ" ಅಂದ್ರು. ಹುಡುಗ ಅವತ್ತು ಮೊದಲ ಸಲ ಜೋರಾಗಿ ಅತ್ತ.

ವಿಚಾರಣೆಗೆ ಒಂದೂವರೆ ಪುಟದ ಹೇಳಿಕೆ ಅವನೇ ಬರ್ದ, ಅವನದೇ ಭಾಷೇಲಿ. ಎಷ್ಟು ಗಂಟೆಗೆ ಹಾಲ್‌ಗೆ ಹೋದೆ, ಫೋನ್ ಯಾಕೆ ಒಯ್ದೆ, ಸ್ಕ್ವಾಡ್ ಯಾವಾಗ ಬಂತು, ಮೊದಲನೇ ಪತ್ರ ಯಾರ ಮುಂದೆ ಹೆಂಗೆ ಬರ್ದೆ, ಎಲ್ಲಾ. ನಾನು ಕಾಗುಣಿತ ಕೂಡ ತಿದ್ದಲಿಲ್ಲ. ಸಮಿತೀಲಿ ಒಬ್ರು ಮೇಡಂ ಎರಡೂ ಪತ್ರ ಪಕ್ಕಪಕ್ಕ ಇಟ್ಕೊಂಡು ಓದಿದ್ರಂತೆ, ಆನ್ಸರ್ ಶೀಟ್ ತರಿಸಿ ನೋಡಿದ್ರಂತೆ, ಎರಡೂವರೆ ಪುಟ ಮಾತ್ರ ಬರ್ದಿದ್ದ, ಫೋಟೋದಲ್ಲಿದ್ದ ಒಂದು ಸಾಲೂ ಅದ್ರಲ್ಲಿ ಇರ್ಲಿಲ್ಲ.

ಆ ಒಂದು ಪೇಪರ್ ರದ್ದಾಯ್ತು, ಉಳಿದ ಪೇಪರ್ ಉಳಿದವು. ಶಿಕ್ಷೆ ಸರಿಯಾಗಿದೆ ಅಂತ ನನಗೂ ಅನಿಸ್ತು, ಮೇಲ್ಮನವಿ ಬೇಡ ಅಂತ ಅವನೇ ಅಂದ. ಕ್ಯಾಂಪಸ್‌ನಲ್ಲಿ ಸಿಗೋ ಹಾಗಿದ್ದ ಒಂದು ಕೆಲಸ ಕೈ ಬಿಟ್ಟು ಹೋಯ್ತು, ಆ ನೋವು ಇನ್ನೂ ಇದೆ, ತಿಂಗಳಿಗೊಂದ್ಸಲ ಬಂದು ಮಾತಾಡ್ತಾನೆ.

ಮುಂದಿನ ವರ್ಷ ಆ ಪೇಪರ್ ಬರೆಯೋಕೆ ಊರಿಂದಾನೇ ಬಂದ. ಅವತ್ತು ಬೆಳಿಗ್ಗೆ ಏಳಕ್ಕೆ ಅವನ ನಂಬರಿಂದ ನನಗೆ ಫೋನ್ ಬಂತು, ಗಾಬರಿ ಆಗಿ ಎತ್ತಿದ್ರೆ ಅಪ್ಪ. "ಮೇಡಂನೋರೆ, ಹುಡುಗ ಬಸ್ ಹತ್ತಿದ. ಫೋನು ನನ್ ಹತ್ರಾನೇ ಬಿಟ್ಟು ಹೋಗ್ಯಾನೆ."