ಡೇಟಾಬೇಸಲ್ಲಿರೋ ಅಡಿಕೆ ರೇಟನ್ನ ಕಾರ್ಡಲ್ಲಿ ತೋರಿಸೋದಾ, ಟೇಬಲ್ಲಲ್ಲಾ?

ದಿನದ ಅಡಿಕೆ ರೇಟೆಲ್ಲ ಡೇಟಾಬೇಸಲ್ಲಿದೆ, ಬೆಳೆಗಾರರಿಗೆ ಮೊಬೈಲಲ್ಲಿ ಕಾರ್ಡ್ ಥರ ತೋರಿಸ್ಲಾ, ಟೇಬಲ್ಲಾ, ಇಲ್ಲ ಚಾರ್ಟಾ ಅಂತ ಕೇಳಿದೀರಿ. ಶಿವಮೊಗ್ಗದ ಒಂದು ಮಂಡಿಗೆ ನಾನು ಇದೇ ಕೆಲಸ ಮಾಡ್ಕೊಟ್ಟಿದೀನಿ. ರೇಟಿಗೆ ಟೇಬಲ್ಲೇ ಹಾಕಿ ಮಾರಾಯ್ರೆ.

ಮೊದ್ಲು ನಾನೂ ಕಾರ್ಡೇ ಮಾಡಿದ್ದು. ರಾಶಿಗೊಂದು, ಬೆಟ್ಟೆಗೊಂದು, ಸರಕಿಗೊಂದು, ಗೊರಬಲಿಗೊಂದು, ಹೀಗೆ ಅಡಿಕೆಯ ಒಂದೊಂದು ಬಗೆಗೂ ಒಂದು ಕಾರ್ಡ್, ಒಂದೊಂದ್ರಲ್ಲೂ ಫೋಟೋ, ಕೆಳಗೆ ಕನಿಷ್ಠ ಗರಿಷ್ಠ ಬೆಲೆ, ನೋಡೋಕೆ ಚಂದಾನೇ ಇತ್ತು. ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯರು ಫೋನ್ ಹಿಡ್ಕೊಂಡು ಮೇಲೆ ಕೆಳಗೆ ಎಳೀತಾನೇ ಇದ್ರು, ಎಂತ ಹುಡುಕ್ತಿದೀರಿ ಅಂದ್ರೆ "ರಾಶಿಗೂ ಬೆಟ್ಟೆಗೂ ಇವತ್ತು ಎಷ್ಟು ಅಂತರ ನೋಡ್ಬೇಕಿತ್ತು ಕಣಪ್ಪ, ಅದನ್ನ ನೋಡೋ ಹೊತ್ತಿಗೆ ಇದು ಮೇಲೆ ಹೋಗಿರುತ್ತೆ" ಅಂದ್ರು. ಅಡಿಕೆ ಸುಲಿದು ಬೇಯಿಸಿ ಒಣಗಿಸಿದವ್ರಿಗೆ ಅಡಿಕೆ ಫೋಟೋ ಎಂತಕ್ಕೆ ಹೇಳಿ, ಅವರಿಗೆ ಬೇಕಿದ್ದಿದ್ದು ನಾಲ್ಕು ಅಂಕಿ ಒಂದ್ರ ಕೆಳಗೊಂದು. ಅವತ್ತೇ ನಾಲ್ಕು ಸಾಲಿನ ಟೇಬಲ್ ಮಾಡಿ, ಪಕ್ಕದಲ್ಲಿ ನಿನ್ನೆಗಿಂತ ಎಷ್ಟು ಏರಿತು ಇಳೀತು ಅಂತ ಒಂದು ಕಾಲಂ ಸೇರಿಸ್ದೆ, ಎಲ್ಲಾ ಒಂದೇ ಸ್ಕ್ರೀನಲ್ಲಿ ಬಂತು.

ಹಾಗಂತ ಕಾರ್ಡ್ ಕೆಟ್ಟದ್ದಲ್ಲ. ಒಬ್ಬ ಬೆಳೆಗಾರ ತನ್ನ ಒಂದು ಲಾಟ್ ಏನಾಯ್ತು ಅಂತ ನೋಡ್ತಾನಲ್ಲ, ಎಷ್ಟು ಚೀಲ, ತೂಕ ಎಷ್ಟು, ಎಷ್ಟಕ್ಕೆ ಹೋಯ್ತು, ಕೈಗೆ ಎಷ್ಟು ಬಂತು ಅಂತ, ಅಲ್ಲಿ ಕಾರ್ಡೇ ಸರಿ, ಯಾಕಂದ್ರೆ ಹೋಲಿಸೋಕೆ ಪಕ್ಕದಲ್ಲಿ ಇನ್ನೊಂದು ಬೇಡ. ಈಗ ಮಾರ್ಲಾ, ಇನ್ನೊಂದು ತಿಂಗಳು ಇಟ್ಕೊಳ್ಲಾ ಅಂತ ಯೋಚಿಸೋನಿಗೆ ದಿನದಿನದ ರೇಟಿನ ಏರಿಳಿತನ ಗೆರೆಯಲ್ಲಿ ತೋರಿಸೋ ಲೈನ್ ಚಾರ್ಟ್ ಬೇಕು. ಡೇಟಾ ಅದೇ, ಕೇಳೋ ಪ್ರಶ್ನೆ ಬೇರೆ ಅಷ್ಟೇ.

ವೃತ್ತನ ಹೋಳು ಹೋಳು ಮಾಡಿ ತೋರಿಸೋ ಪೈ ಚಾರ್ಟ್ ಮಾತ್ರ ದಯವಿಟ್ಟು ಬೇಡ. 1984ರಲ್ಲೇ ಕ್ಲೀವ್‌ಲ್ಯಾಂಡ್, ಮೆಕ್‌ಗಿಲ್ ಅನ್ನೋ ಇಬ್ರು ಸಂಖ್ಯಾಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದಾರೆ, ಒಂದೇ ಅಳತೆಗೆರೆ ಮೇಲೆ ಗುರುತು ಎಲ್ಲಿದೆ ಅನ್ನೋದನ್ನ ನಮ್ಮ ಕಣ್ಣು ಚೆನ್ನಾಗಿ ಅಂದಾಜು ಮಾಡುತ್ತೆ, ಕೋನ ನೋಡಿ ಅಂದಾಜು ಮಾಡೋದ್ರಲ್ಲಿ ಜಾಸ್ತಿ ತಪ್ಪುತ್ತೆ ಅಂತ. ಬಾರ್ ಚಾರ್ಟ್ ಹಾಕಿದ್ರೆ ಸೊನ್ನೆಯಿಂದ್ಲೇ ಶುರು ಮಾಡಿ, ಇಲ್ದಿದ್ರೆ ನೂರು ರೂಪಾಯಿ ಏರಿದ್ರೂ ಡಬಲ್ ಆದಂಗೆ ಕಾಣುತ್ತೆ. ಮ್ಯಾಪನ್ನ ಮಳೆ ಲೆಕ್ಕಕ್ಕೆ ಇಟ್ಕೊಳಿ, ಆಗುಂಬೆಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ದಾಟುತ್ತೆ, ಶಿಕಾರಿಪುರದ ಕಡೆ ಅದರ ಹತ್ರಕ್ಕೂ ಬರಲ್ಲ, ಅಂಥದ್ದು ಮ್ಯಾಪಲ್ಲಿ ನೋಡಿದ್ರೇನೇ ಗೊತ್ತಾಗೋದು. ಮೂರು ಮಾರುಕಟ್ಟೆ ರೇಟಿಗೆ ಮ್ಯಾಪ್ ಯಾಕೆ.

ಟೇಬಲ್ ಮಾಡುವಾಗ ಅಂಕಿಗಳನ್ನ ಬಲಕ್ಕೆ ಜೋಡಿಸಿ, ಕಾಮಾ ನಮ್ಮ ಥರ 1,25,000 ಅಂತ ಹಾಕಿ, ಕ್ವಿಂಟಾಲಿಗೆ ಅನ್ನೋದನ್ನ ಮೇಲೆ ಒಂದ್ಸಲ ಬರೆದ್ರೆ ಸಾಕು. ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗ್ದೇ ಇರೋ ಹಾಗೆ ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ಆಮೇಲೆ ಮಾರುಕಟ್ಟೆ ರಜೆ ಇದ್ದ ದಿನ ಡೇಟಾಬೇಸಲ್ಲಿ ಖಾಲಿ ಇರುತ್ತಲ್ಲ, ಅದನ್ನ ಸೊನ್ನೆ ಅಂತ ತೋರಿಸ್ಬೇಡಿ, ಟೇಬಲ್ಲಲ್ಲಿ ಒಂದು ಗೀಟು, ಚಾರ್ಟಲ್ಲಿ ಗ್ಯಾಪ್ ಬಿಡಿ. ನಮ್ಮಲ್ಲಿ ಒಂದು ಭಾನುವಾರ ಗೆರೆ ಸೀದಾ ನೆಲಕ್ಕೆ ಬಿದ್ದಿದ್ದು ನೋಡಿ ರಾತ್ರಿನೇ ಮೂರು ಜನ ಗಾಬರಿಯಾಗಿ ಫೋನ್ ಮಾಡಿದ್ರು.